ಸಫಾರಿ ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕು

ಸೀಟು ಹಂಚುವುದು ಸಣ್ಣ ಕೆಲಸ ಅಂತ ನಮ್ಮ ಫ್ರಂಟ್ ಆಫೀಸಿನವರ ಲೆಕ್ಕ. ರೂಮ್ ನಂಬರ್ ನೋಡುತ್ತಾರೆ, ತಲೆ ಎಣಿಸುತ್ತಾರೆ, ಟ್ರಿಪ್ ಶೀಟ್ ಕೈಗೆ ಕೊಡುತ್ತಾರೆ. ಯಾರಿಗೆ ಯಾವ ಭಾಷೆ ಬರುತ್ತದೆ, ಯಾರಿಗೆ ಕಿವಿ ಮಂದ, ಯಾರು ಆನೆಯನ್ನು ಹತ್ತಿರದಿಂದ ನೋಡೇ ಇಲ್ಲ, ಅದ್ಯಾವುದಕ್ಕೂ ಅದರಲ್ಲಿ ಕಾಲಂ ಇಲ್ಲ. ಕಬಿನಿಯ ರೆಸಾರ್ಟಿನಲ್ಲಿ ನ್ಯಾಚುರಲಿಸ್ಟ್ ಆಗಿ, ಅಂದರೆ ಅತಿಥಿಗಳಿಗೆ ಕಾಡು ತೋರಿಸಿ ವಿವರಿಸುವ ಕೆಲಸದಲ್ಲಿರುವ ನನಗೆ ಈ ವಿಷಯ ಈಗಲೂ ಕೊರೆಯುತ್ತದೆ. ಒಂದು ಬೇಸಿಗೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಮೈಸೂರಿನಲ್ಲಿ ಮಿಜೋರಾಂನ ಒಂದು ಮಿಷನರಿ ದಂಪತಿ ಇದ್ದಾರೆ. ಅವರ ಊರಿನ ಚರ್ಚ್ ಕಳಿಸಿದ್ದು. ಹೆಂಡತಿ ನರ್ಸ್, ನಾನು ಅಕ್ಕ ಅನ್ನುತ್ತೇನೆ. ಪಾಸ್ಟರ್ ಅವರದು ಈಶಾನ್ಯದಿಂದ ಓದಲು ಬಂದ ಹುಡುಗ ಹುಡುಗಿಯರ ನಡುವೆ ಕೆಲಸ. 1894ರಲ್ಲಿ ಇಂಗ್ಲೆಂಡಿನಿಂದ ಇಬ್ಬರು ಮಿಷನರಿಗಳು ಹೋಗಿದ್ದ ನಾಡು ಅದು. ಈಗ ಅಲ್ಲಿಂದಲೇ ದೇಶದ ಬೇರೆ ಬೇರೆ ಕಡೆಗೆ ಮಿಷನರಿಗಳು ಹೊರಡುತ್ತಾರೆ. ಅಕ್ಕ ಕನ್ನಡ ಕಲಿತದ್ದು ವಾರ್ಡಿನಲ್ಲಿ, ರೋಗಿಗಳ ಜೊತೆ. ಹಾಗಾಗಿ ಅವರ ಮಾತಿನಲ್ಲಿ ಮೈಸೂರು ಚೆನ್ನಾಗಿ ಇಳಿದಿದೆ. ರಜೆ ಸಿಕ್ಕಾಗಲೆಲ್ಲ ಇಬ್ಬರೂ ನಮ್ಮಲ್ಲಿಗೆ ಬರುತ್ತಾರೆ. ಆ ಸಲ ಈಸ್ಟರ್ ಮುಗಿಸಿಕೊಂಡು, ಐಜ್ವಾಲ್‌ನಿಂದ ಬಂದ ಮನೆಯವರನ್ನೂ ಕರೆತಂದಿದ್ದರು. ಅಕ್ಕನ ತಾಯಿ, ತಾಯಿಯ ಅಣ್ಣ, ತಂಗಿ, ತಂಗಿಯ ಮಕ್ಕಳು.

ದಂಪತಿಗೆ ಕಾಡು ಹೊಸದಲ್ಲ, ಬಂದ ನೆಂಟರು ಚೆನ್ನಾಗಿ ನೋಡಲಿ ಅಂತ ಅಜ್ಜಿಯನ್ನೂ ಮಕ್ಕಳನ್ನೂ ಮುಂದಿನ ಸಾಲಿಗೆ ಹತ್ತಿಸಿದೆ. ಅಕ್ಕ, ಪಾಸ್ಟರ್ ಇಬ್ಬರೂ ಕಡೇ ಸಾಲಿಗೆ. ಯಾರೇ ಆದರೂ ಹಾಗೇ ಕೂರಿಸುತ್ತಿದ್ದರು, ಅಲ್ವಾ? ಬ್ರೀಫಿಂಗನ್ನು ಇಂಗ್ಲಿಷಿನಲ್ಲಿ ಮಾಡಿದೆ. ಎಲ್ಲರೂ ತಲೆ ಆಡಿಸಿದರು. ಅರ್ಥವಾಯಿತು ಅಂದುಕೊಂಡೆ.

ಬೇಸಿಗೆಯಲ್ಲಿ ಕಬಿನಿ ಎಂದರೆ ಆನೆ. ಹಿನ್ನೀರು ಇಳಿದಂತೆ ಬಯಲಾದ ನೆಲದಲ್ಲಿ ಎಳೆ ಹುಲ್ಲು ಬರುತ್ತದೆ. ನಾಗರಹೊಳೆ, ಬಂಡೀಪುರ ಎರಡೂ ಕಡೆಯ ಹಿಂಡುಗಳು ನೀರಿಗೆ ಇಳಿಯುತ್ತವೆ. ಸಂಜೆ ದಡದಲ್ಲಿ ಒಂದು ಗಂಟೆ ನಿಂತರೆ ಸಾಕು, ಮನಸ್ಸು ತುಂಬುತ್ತದೆ. ಆದರೆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಮೊದಲ ಪ್ರಶ್ನೆಯೇ ಹುಲಿ ಕಂಡಿತೇ ಅಂತ. ಮಕ್ಕಳಿಗೂ ಹುಲಿಯದೇ ಆಸೆ. ಅವರ ಕಡೆಯ ದಂಪಾ ಹುಲಿ ಅಭಯಾರಣ್ಯದಲ್ಲಿ 2018ರ ಗಣತಿಗೆ ಒಂದು ಹುಲಿಯೂ ಸಿಕ್ಕಿರಲಿಲ್ಲ. ಹಾಗಿರುವಾಗ ಅಷ್ಟು ದೂರದಿಂದ ಬಂದ ಮಕ್ಕಳು ಕೇಳುವುದರಲ್ಲಿ ತಪ್ಪೇನಿದೆ?

ಅಷ್ಟರಲ್ಲಿ ಒಳಗಡೆ ಕಾಲಿಂಗ್, ಅಂದರೆ ಹುಲಿ ಚಿರತೆ ಸುಳಿದಾಗ ಬೇರೆ ಪ್ರಾಣಿಗಳು ಹಾಕುವ ಎಚ್ಚರಿಕೆಯ ಕೂಗು, ಶುರುವಾಯಿತು. ಮೊದಲು ಮುಸಿಯ, ಆಮೇಲೆ ಜಿಂಕೆ. ಕಡವೆಯೂ ಒಮ್ಮೆ ಕೂಗಿತು. ಕಡವೆ ಸುಮ್ನೆ ಕೂಗುವುದಿಲ್ಲ. ಡ್ರೈವರ್ ಅಣ್ಣ ನನ್ನ ಮುಖ ನೋಡಿದರು, ಹೋಗೋಣ ಅಂದೆ. ದಡ ಬಿಟ್ಟು ಲಂಟಾನದ ನಡುವಿನ ದಾರಿ ಹಿಡಿದೆವು. ಅಲ್ಲಿ ವ್ಯೂ ಲೈನ್, ಅಂದರೆ ನೋಟಕ್ಕೆ ಅಡ್ಡ ಬಾರದಂತೆ ದಾರಿಯ ಅಂಚಿನ ಪೊದೆ, ಇನ್ನೂ ಸವರಿರಲಿಲ್ಲ, ಎರಡೂ ಪಕ್ಕ ಆಳೆತ್ತರ ಪೊದೆ.

ತಿರುವು ದಾಟಿದ ತಕ್ಷಣ ಎಡಗಡೆ ಮರಿಯಾನೆ. ಸೊಂಡಿಲಿಗೆ ಸಿಕ್ಕ ಕಡ್ಡಿಯನ್ನು ಎತ್ತುವುದು, ಬೀಳಿಸುವುದು ಮಾಡುತ್ತ ನಿಂತಿತ್ತು. ಮಕ್ಕಳು ಕಿರುಚಿದರು. ಬಲಗಡೆ ಪೊದೆ ಅಲುಗಾಡಿತು. ತಾಯಿ ಆ ಕಡೆ, ಮರಿ ಈ ಕಡೆ, ನಡುವೆ ನಾವು.

ತಾಯಿಯಾನೆ ದಾರಿಗೆ ಬಂತು. ಕಿವಿ ಅಗಲಿಸಿ ತಲೆ ಎತ್ತಿ ನಿಂತಿತು. ಮುಂಗಾಲಿನಲ್ಲಿ ಮಣ್ಣು ಒದೆಯಿತು. ಸೊಂಡಿಲು ಇನ್ನೂ ಕೆಳಗೇ ಇತ್ತು, ಸುರುಳಿ ಸುತ್ತಿರಲಿಲ್ಲ. ಹೆದರಿಸುತ್ತಿದೆ, ಇನ್ನೂ ತೀರ್ಮಾನ ಮಾಡಿಲ್ಲ ಅಂತ ನನಗೆ ಅನ್ನಿಸಿತು. ಡ್ರೈವರ್ ಅಣ್ಣ ರಿವರ್ಸ್ ಹಾಕಿದರು. ಆಗಲೇ ಅಜ್ಜಿ ಎದ್ದು ನಿಂತರು. ಮುಂದಿನ ಕಂಬಿ ಹಿಡಿದು, ಮಕ್ಕಳಿಗೆ ಆನೆ ತೋರಿಸುತ್ತ ಏನೋ ಜೋರಾಗಿ ಹೇಳಿದರು. ಮಕ್ಕಳೂ ಎದ್ದರು. ಅವರನ್ನು ಹಿಡಿಯಲು ಅವರ ತಾಯಿ ಎದ್ದರು. ಗಾಡಿ ತುಂಬ ನಿಂತ ಜನ. ಡ್ರೈವರ್‌ಗೆ ಹಿಂದಿನ ದಾರಿ ಕಾಣದು. ಸಿಟ್ ಡೌನ್ ಅಂತ ನಾನು ಮೆಲ್ಲಗೆ ಎರಡು ಮೂರು ಸಲ ಅಂದೆ. ದನಿ ಏರಿಸುವ ಹಾಗಿಲ್ಲ. ಅಜ್ಜಿ ನನ್ನ ಕಡೆ ತಿರುಗಿ ನಕ್ಕರು. ನಾನು ಹೇಳಿದ್ದು ಅವರಿಗೆ ಒಂದು ಚೂರೂ ಮುಟ್ಟಿರಲಿಲ್ಲ.

ಆನೆ ಘೀಳಿಟ್ಟು ಓಡಿ ಬಂತು. ನಾಲ್ಕೈದು ಮಾರು ದೂರದಲ್ಲಿ ಗಕ್ಕನೆ ನಿಂತಿತು. ಧೂಳು ನಮ್ಮ ಮುಖಕ್ಕೆ ಹೊಡೆಯಿತು.

ಕಡೇ ಸಾಲಿನಿಂದ ಅಕ್ಕನ ದನಿ ಬಂತು. ಕೂಗಲಿಲ್ಲ, ವಾರ್ಡಿನಲ್ಲಿ ರಾತ್ರಿ ಮಾತಾಡುವಷ್ಟು ತಗ್ಗಿದ ದನಿ. ಮಿಜೋದಲ್ಲಿ ಎರಡು ಮಾತು. ಮಧ್ಯದ ಸಾಲಿನಲ್ಲಿದ್ದ ದೊಡ್ಡವರು, ಅಜ್ಜಿಯ ಅಣ್ಣ, ಅದನ್ನು ಕೇಳಿ, ಮುಂದಕ್ಕೆ ಬಗ್ಗಿ, ಅಜ್ಜಿಯ ಭುಜದ ಮೇಲೆ ಕೈಯಿಟ್ಟು ಕೂರಿಸಿದರು. ಮಕ್ಕಳು ತಾವಾಗೇ ಕೂತರು. ಡ್ರೈವರ್ ಅಣ್ಣನಿಗೆ ದಾರಿ ಕಂಡಿತು. ತಿರುವಿನಾಚೆಗೆ ಹಿಂದೆ ಸರಿದೆವು. ಮರಿ ದಾರಿ ದಾಟಿ ತಾಯಿಯ ಹೊಟ್ಟೆಯಡಿ ಸೇರಿತು. ಹುಲಿ ಕಾಣಲಿಲ್ಲ.

ಗಾಡಿಯಲ್ಲಿ ಎಲ್ಲರಿಗೂ ಮಾತು ಮುಟ್ಟಿಸಬಲ್ಲ ಒಬ್ಬರೇ ಒಬ್ಬರನ್ನು ನಾನು ಎಲ್ಲರಿಗಿಂತ ದೂರ ಕೂರಿಸಿದ್ದೆ. ಆನೆಯ ವಿಷಯದಲ್ಲಿ ನನ್ನ ಅಂದಾಜು ಸರಿಯಿತ್ತು. ಜನರ ವಿಷಯದಲ್ಲಿ ಅಂದಾಜನ್ನೇ ಮಾಡಿರಲಿಲ್ಲ. ನಮ್ಮ ಟ್ರೈನಿಂಗ್‌ನಲ್ಲಿ ಹಕ್ಕಿಯ ಹೆಸರು, ಹೆಜ್ಜೆ ಗುರುತು, ಲದ್ದಿ ಎಲ್ಲ ಕಲಿಸುತ್ತಾರೆ. ಹೀಗೆ ಗಾಡಿ ಸಿಕ್ಕಿಬಿದ್ದಾಗ ಮಾತು ಯಾರ ಮೂಲಕ ಹೋಗಬೇಕು ಅನ್ನುವುದನ್ನು ಯಾರೂ ಕಲಿಸುವುದಿಲ್ಲ.

ಆ ರಾತ್ರಿ ಊಟದ ಮೊದಲು ಮನೆಯವರೆಲ್ಲ ನಮ್ಮ ದುಂಡು ಹಜಾರ ಗೋಲ್ ಘರ್‌ನಲ್ಲಿ ಸೇರಿದರು. ಸ್ಪೀಕರ್ ಹಾಕುವಂತಿಲ್ಲ, ದನಿ ತಗ್ಗಿರಲಿ ಅಂತ ನಾನೇ ಹೇಳಿದ್ದೆ. ಅಜ್ಜಿ ಹಾಡು ಎತ್ತಿಕೊಂಡರು, ಉಳಿದವರು ಒಬ್ಬೊಬ್ಬರು ಒಂದೊಂದು ಸ್ವರದಲ್ಲಿ ಸೇರಿಕೊಂಡರು. ಯಾರ ಕೈಯಲ್ಲೂ ಪುಸ್ತಕ ಇರಲಿಲ್ಲ. ಅಡುಗೆಮನೆಯ ಹುಡುಗರು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತರು. ಪಾಸ್ಟರ್ ಪ್ರಾರ್ಥನೆ ಮಾಡಿದರು, ಡ್ರೈವರ್ ಅಣ್ಣನನ್ನೂ ನೆನೆದರು ಅಂತ ಅಕ್ಕ ಆಮೇಲೆ ಹೇಳಿದರು. ಊಟ ಆದ ಮೇಲೆ ಆನೆ ಏನು ಮಾಡಿತು, ಯಾಕೆ ಮಾಡಿತು ಅಂತ ಒಂದೊಂದೇ ವಾಕ್ಯ ಹೇಳಿದೆ, ಅಕ್ಕ ಮಿಜೋದಲ್ಲಿ ಹೇಳಿದರು. ಅಜ್ಜಿ ಕಿವಿಯ ಬಗ್ಗೆ, ಸೊಂಡಿಲಿನ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಈ ಮಾತೆಲ್ಲ ಗಾಡಿ ಹತ್ತುವ ಮೊದಲು ಆಗಬೇಕಿತ್ತು.

ಮರುದಿನ ಬೆಳಿಗ್ಗೆ ಅಕ್ಕನನ್ನು ನನ್ನ ಹಿಂದೆಯೇ ಕೂರಿಸಿದೆ. ಇನ್ನೊಂದು ಲಾಭವೂ ಆಯಿತು. ಒಂದು ಕಡೆ ದೊಡ್ಡವರು ಗಾಡಿ ನಿಲ್ಲಿಸಲು ಹೇಳಿದರು. ನೋಡಿದ್ದು ಪ್ರಾಣಿಯನ್ನಲ್ಲ, ಬಿದಿರನ್ನು. ಮೆಳೆಗಳೆಲ್ಲ ಯಾಕೆ ಒಂದೇ ವಯಸ್ಸಿನವು, ಹಳೆಯದೆಲ್ಲ ಒಟ್ಟಿಗೆ ಹೂ ಬಿಟ್ಟು ಸತ್ತಿತೇ ಅಂತ ಕೇಳಿದರು. ಹೌದು, 2010ರ ಆಸುಪಾಸಿನಲ್ಲಿ ಇಲ್ಲಿ ಬಿದಿರು ಹೂ ಬಿಟ್ಟು ಒಣಗಿತ್ತು, ಇವು ಬೀಜದಿಂದ ಎದ್ದ ಮೆಳೆಗಳು. ಅವರು ಮೌತಾಂ ಬಗ್ಗೆ ಹೇಳಿದರು. ಅಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬಿದಿರು ಹೂ ಬಿಡುತ್ತದೆ, ಬೀಜ ತಿಂದು ಇಲಿ ಹೆಚ್ಚುತ್ತವೆ, ಆಮೇಲೆ ಗದ್ದೆಗೆ ನುಗ್ಗುತ್ತವೆ. 1959ರ ಕ್ಷಾಮದಲ್ಲಿ ಅವರು ಹುಡುಗ, ಕಾಡಿನ ಗೆಡ್ಡೆ ಅಗೆದು ತಿಂದವರು. ಅಂದು ಪರಿಹಾರಕ್ಕೆ ಹುಟ್ಟಿದ ಸಂಘವೇ ಮುಂದೆ ಪಕ್ಷವಾಗಿ, 1966ರಲ್ಲಿ ಬಂಡಾಯ ಎದ್ದಿತು. ಬಿದಿರು ಹೂ ಬಿಟ್ಟರೆ ಬರ ಅಂತ ನಮ್ಮಜ್ಜಿಯೂ ಹೇಳುತ್ತಿದ್ದರು, ಬಿದಿರಕ್ಕಿ ಬೇಯಿಸಿ ಬಡಿಸುತ್ತಿದ್ದರು. ನಾನದನ್ನು ಹೇಳಿದಾಗ ದೊಡ್ಡವರು ನನ್ನ ಕೈ ಹಿಡಿದುಕೊಂಡರು. ಆ ಬೆಳಿಗ್ಗೆ ಮಕ್ಕಳೂ ಹುಲಿ ಕೇಳಲಿಲ್ಲ.

ಟ್ರಿಪ್ ಶೀಟಿಗೆ ಭಾಷೆಯ ಕಾಲಂ ಸೇರಿಸಿ ಅಂತ ಮೇಲಿನವರಿಗೆ ಬರೆದುಕೊಟ್ಟೆ. ಸಾಫ್ಟ್‌ವೇರ್‌ನಲ್ಲಿ ಆಗುವುದಿಲ್ಲ ಅಂದರು. ಹಾಗಾಗಿ ಚಹಾ ಹೊತ್ತಿನಲ್ಲೇ ಪ್ರತಿ ಗುಂಪಿನ ಜೊತೆ ಕೂತು, ಮಾತು ಮುಟ್ಟಿಸುವವರು ಯಾರು ಅಂತ ಕೇಳಿ, ಶೀಟಿನ ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತೇನೆ. ಅವರ ಸೀಟು ನನ್ನ ಹಿಂದೆ. ಹೊಸ ಹುಡುಗರಿಗೂ ಇದನ್ನೇ ಹೇಳಿಕೊಟ್ಟಿದ್ದೇನೆ. ಕೆಲವರು ಮಾಡುತ್ತಿದ್ದಾರೆ, ಉಳಿದವರ ಬೆನ್ನು ಬಿಟ್ಟಿಲ್ಲ.