ಕೆರೆಗಾಗಿ ಒಂದು ತಾಳಮದ್ದಳೆ

ಸಾಗರದ ಕಡೆ ಮಳೆಗೇನೂ ಕೊರತೆಯಿಲ್ಲ. ಆದರೂ ಏಪ್ರಿಲ್ ಬಂತೆಂದರೆ ನಮ್ಮೂರಿನ ಬಾವಿಗಳ ತಳ ಕಾಣುತ್ತದೆ. ಊರ ಮೇಲಿನ ಕೆರೆಯಲ್ಲಿ ಹೂಳು ತುಂಬಿ, ನೀರು ನಿಲ್ಲಬೇಕಾದ ಜಾಗದಲ್ಲಿ ದನ ಮೇಯುತ್ತಿದ್ದವು. ಹೂಳೆತ್ತಿಸಬೇಕು ಅಂತ ಎಲ್ಲರೂ ಹೇಳುವವರೇ. ದುಡ್ಡಿನ ಮಾತು ಬಂದ ಕೂಡಲೇ ಮೀಟಿಂಗು ಮುಗಿಯುತ್ತಿತ್ತು.

ಅಡಿಕೆ ಕೊಯ್ಲು ಮುಗಿದ ಮೇಲೆ ಸಹಾಯಾರ್ಥ ಕಾರ್ಯಕ್ರಮ ಮಾಡೋಣ ಅಂತಾಯಿತು. ದೊಡ್ಡ ಯಕ್ಷಗಾನ ಮೇಳದ ಆಟ ಆಡಿಸೋಣ ಅಂದರು ಕೆಲವರು. ನಾನು ಬೇಡ ಅಂದೆ. ವೇಷ, ರಂಗಸ್ಥಳ, ಲೈಟು, ವಾಹನ ಅಂತ ಟಿಕೆಟ್ಟಿನ ಹಣ ಅಲ್ಲಿಗೇ ಸರಿಹೋಗುತ್ತದೆ. ಕೆರೆಯ ಹೆಸರಲ್ಲಿ ಎತ್ತಿದ ದುಡ್ಡು ಕೆರೆಗೇ ಹೋಗಬೇಕು, ಅಲ್ವಾ? ತಾಳಮದ್ದಳೆ ಅಂದರೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ, ಅದಕ್ಕೆ ವೇಷವೇ ಬೇಡ. ಪದ ಹಾಡುವ ಭಾಗವತರು, ಮದ್ದಳೆ, ಚಂಡೆ, ಪಂಚೆ ಉಟ್ಟು ಶಾಲು ಹೊದ್ದು ಕೂತು ಪಾತ್ರಗಳ ಮಾತಾಡುವ ಅರ್ಥಧಾರಿಗಳು, ಇಷ್ಟೇ. ಎಲ್ಲರೂ ಸುತ್ತಲಿನ ಊರಿನ ತೋಟದವರು. ಸಂಭಾವನೆ ಬೇಡ, ರಾತ್ರಿ ಕಷಾಯ ಕೊಡಿ ಸಾಕು ಎಂದರು.

1983ರಲ್ಲಿ ಪಕ್ಕದ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾದಾಗ ಊರೂರಿಗೆ ವಿಷಯ ಮುಟ್ಟಿಸಿದ್ದರಲ್ಲಿ ಹಾಡು, ಬೀದಿನಾಟಕ, ಯಕ್ಷಗಾನಗಳ ಪಾಲು ದೊಡ್ಡದು. ಭಾಗವತರು ಅದನ್ನು ನೆನಪಿಸಿ, "ಹಾಗಾದ್ರೆ ಖಾಂಡವವನ ದಹನವೇ ಇರಲಿ" ಎಂದರು.

ದೇವಸ್ಥಾನದ ಅಂಗಳದಲ್ಲಿ ಸಂಜೆಯೇ ನಮ್ಮ ಕಡೆ ಮನೆಗೋಡೆಗೆ ಬಿಡಿಸುವ ಹಸೆ ಚಿತ್ತಾರದ ಮಾರಾಟ ಇತ್ತು. ಬಿಡಿಸಿದವರು ಪಕ್ಕದೂರಿನ ಅಕ್ಕಂದಿರು. ಕೆಮ್ಮಣ್ಣು ಬಳಿದ ಹಲಗೆ, ಭೂಮಿ ಹುಣ್ಣಿಮೆ ಹಬ್ಬಕ್ಕೆ ಮಾಡುವಂಥ ಬುಟ್ಟಿಗಳು. ಒಬ್ಬ ಅಕ್ಕ ಅಲ್ಲೇ ಕೂತು ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಗೆರೆ ಎಳೆಯುತ್ತಿದ್ದರು. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗುರುತು ಇಲ್ಲ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಹಳದಿ ಬಣ್ಣ ಗುರಿಗೆ ಕಾಯಿಯದು. "ಮೊದಲೆಲ್ಲ ಹಿತ್ತಲಾಚೆಗೇ ಸಿಗ್ತಿತ್ತು ತಮ್ಮಾ. ಈಗ ಅಕೇಶಿಯಾ ಪ್ಲಾಂಟೇಶನ್ ದಾಟಿ ಹೋಗಬೇಕು" ಎಂದರು. ಮಾರಾಟದ ಹಣವೆಲ್ಲ ಕೆರೆಗೇ ಇರಲಿ ಅಂತ ಅವರು ಹೇಳಿದರೂ ನಾವು ಒಪ್ಪಲಿಲ್ಲ, ಅರ್ಧ ಅವರಿಗೇ ಕೊಟ್ಟೆವು. ಅರ್ಥಧಾರಿಗಳದ್ದು ಹವ್ಯಾಸ, ಮನೆಗೆ ತೋಟ ಇದೆ. ಇವರದ್ದು ದಿನಗಟ್ಟಲೆ ಕೂತು ಮಾಡಿದ ದುಡಿಮೆ. ಅದನ್ನು ಪುಕ್ಕಟೆ ತೆಗೆದುಕೊಂಡು ಪರಿಸರ ಉಳಿಸುತ್ತೇವೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ರಾತ್ರಿ ಕಥೆ ಏರಿದ್ದು ಇಂದ್ರ ಬಂದ ಮೇಲೆ. ಖಾಂಡವ ಹೊತ್ತಿ ಉರಿಯುತ್ತಿದೆ. ಇಂದ್ರ ಮಳೆ ಸುರಿಸುತ್ತಾನೆ. ಅರ್ಜುನ ಬಾಣಗಳ ಚಪ್ಪರ ಕಟ್ಟಿ ಒಂದು ಹನಿಯೂ ಕೆಳಗೆ ಬೀಳದಂತೆ ತಡೆಯುತ್ತಾನೆ. ಇಂದ್ರನ ಅರ್ಥ ಹೇಳುತ್ತಿದ್ದವರು ತಗ್ಗಿದ ದನಿಯಲ್ಲಿ ಕೇಳಿದರು: "ಮಗನೇ, ನನ್ನ ಮಳೆಯನ್ನು ಇವತ್ತು ತಡೆದೆ, ಸರಿ. ಕಾಡೇ ಇಲ್ಲದ ಮೇಲೆ ನಾಳೆ ನಾನು ಎಲ್ಲಿಗೆ ಇಳಿಯಲಿ?"

ಅರ್ಜುನನೂ ಬಿಡಲಿಲ್ಲ. "ಅಪ್ಪಾ, ದೊಡ್ಡಪ್ಪ ನಮ್ಮ ಪಾಲಿಗೆ ಕೊಟ್ಟದ್ದೇ ಈ ಕಾಡುಸೀಮೆ. ಕಡಿಯದೆ, ಸುಡದೆ ಊರು ಕಟ್ಟುವುದು ಹೇಗೆ? ನಮ್ಮ ಮಕ್ಕಳು ಉಣ್ಣುವುದೇನು?" ಸಭೆ ತಣ್ಣಗಾಯಿತು. ಬೆಟ್ಟದ ಸೊಪ್ಪು ತಂದು, ಬೆಟ್ಟ ತರಿದು ತೋಟ ಎಬ್ಬಿಸಿದವರೇ ಅಲ್ಲಿ ಕೂತಿದ್ದದ್ದು. ಭಾಷಣಕಾರರು ಯಾರೇ ಬಂದಿದ್ದರೂ ನಮ್ಮ ಪರವಾಗಿ ಇಷ್ಟು ನೇರ ಮಾತಾಡುತ್ತಿರಲಿಲ್ಲ, ನಮ್ಮನ್ನು ಇಷ್ಟು ನೇರ ಪ್ರಶ್ನಿಸುತ್ತಲೂ ಇರಲಿಲ್ಲ. ಇಬ್ಬರದ್ದೂ ಸರಿ ಅನ್ನಿಸುವಂತೆ ಮಾತು ಬೆಳೆಸುವುದೇ ತಾಳಮದ್ದಳೆಯ ಶಕ್ತಿ. ಕಡೆಗೆ ಉರಿಯಿಂದ ಉಳಿದದ್ದು ದಾನವಶಿಲ್ಪಿ ಮಯ, ತಕ್ಷಕನ ಮಗ ಅಶ್ವಸೇನ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮುಳುಗಡೆಯಾದ ಊರಿಂದ ಎದ್ದು ಬಂದ ಅಜ್ಜ ಒಬ್ಬರು ಮುಂದೆಯೇ ಕೂತಿದ್ದರು. ಕಷಾಯದ ಲೋಟ ಕೆಳಗಿಟ್ಟು, ಎದ್ದು ಬಂದು ಹರಿವಾಣಕ್ಕೆ ನೋಟು ಹಾಕಿದರು. "ನಮ್ಮೂರಿಗೆ ನೀರು ಜಾಸ್ತಿಯಾಗಿ ಮುಳುಗ್ತು. ಈ ಊರು ನೀರಿಲ್ಲದೆ ಹಾಳಾಗೋದು ಬೇಡ" ಎಂದರು. ಆಮೇಲೆ ಹರಿವಾಣ ತಿರುಗಿಸುವ ಕೆಲಸವೇ ಇರಲಿಲ್ಲ, ಜನ ತಾವಾಗಿ ಬಂದರು.

ಬೆಳಗ್ಗೆ ಮಂಗಳ ಹಾಡುವ ಮೊದಲು ಮೈಕಿನಲ್ಲೇ ಲೆಕ್ಕ ಓದಿದೆವು. ಅದೇ ಹಾಳೆ ಈಗಲೂ ಸೊಸೈಟಿಯ ಗೋಡೆ ಮೇಲಿದೆ. ಸಿಕ್ಕ ಹಣದಲ್ಲಿ ಹಿಟಾಚಿ ಬಂತು. ಹೂಳು ಸಾಗಿಸುವ ಖರ್ಚು ಊರಿಗೆ ಬೀಳಲಿಲ್ಲ. ತೋಟಕ್ಕೆ ಹೊಸಮಣ್ಣು ಬೇಕಿದ್ದವರು ತಮ್ಮದೇ ಟ್ರ್ಯಾಕ್ಟರ್ ತಂದು ಹೊತ್ತುಕೊಂಡು ಹೋದರು.

ಕೆಲಸ ಅರ್ಧ ಮಾತ್ರ ಆಗಿದೆ. ಕೆರೆ ಮೇಲಿನ ಬೋಳುಗುಡ್ಡದಲ್ಲಿ ಇಂಗುಗುಂಡಿ ತೋಡಿ, ಕಾಡುಜಾತಿಯ ಗಿಡ ನೆಡದಿದ್ದರೆ ನಾಲ್ಕಾರು ಮಳೆಗಾಲದಲ್ಲಿ ಮತ್ತೆ ಹೂಳು ಬಂದು ಕೂರುತ್ತದೆ. ಅದಕ್ಕೂ ಹಣ ಬೇಕು. ದೀಪಾವಳಿ ಕಳೆದ ಮೇಲೆ ಗಂಗಾವತರಣ ಇಟ್ಟುಕೊಳ್ಳೋಣ ಅಂತ ಭಾಗವತರು ಹೇಳಿದ್ದಾರೆ. ಭಗೀರಥನ ಅರ್ಥ ಯಾರು ಹೇಳುವುದು ಅಂತ ಈಗಲೇ ಮಾತುಕತೆ ನಡೆದಿದೆ.