ಮಾರುವುದಾದರೆ ಗಟ್ಟಿ ಕುದುರೆಯನ್ನೇ ಮಾರಿ

ಕಾರವಾರದ ಕಡಲತೀರದಲ್ಲಿ ಮಕ್ಕಳನ್ನು ಕುದುರೆ ಮೇಲೆ ಕೂರಿಸಿ ಸುತ್ತು ಹೊಡೆಸುವ ಭಾಯ್ ಒಬ್ಬರಿದ್ದಾರೆ. ಕೋಡಿಬಾಗದಲ್ಲಿ ನಮ್ಮ ಹಿತ್ತಲ ಆಚೆಗೇ ಅವರ ಲಾಯ. ಮಳೆ ಹಿಡಿಯಿತೆಂದರೆ ಅವರ ಸಂಪಾದನೆ ಬಂದ್. ಸೆಪ್ಟೆಂಬರ್‌ವರೆಗೂ ಹಾಗೆಯೇ. ಆದರೆ ಹುರುಳಿ, ಬೂಸಾ, ಒಣಹುಲ್ಲಿನ ಖರ್ಚು ನಿಲ್ಲುವುದಿಲ್ಲ ಅಲ್ವಾ? ಅದಕ್ಕೇ ಮೇ ಕೊನೆಯಲ್ಲಿ ಎರಡು ಪ್ರಾಣಿ ಮಾರಲು ನಿರ್ಧರಿಸಿದರು. ಒಂದು, ವಯಸ್ಸಾದ ಬಿಳಿ ಗಂಡು. ಇನ್ನೊಂದು, ಮೂರು ತಿಂಗಳ ಮರಿ. ದುಡಿಯದ ಎರಡನ್ನು ಕಳಿಸಿದರೆ ಹೊರೆ ಇಳಿಯಿತು ಅಂತ ಅವರ ಲೆಕ್ಕ.

ಹುಬ್ಬಳ್ಳಿ ಕಡೆಯ ದಲ್ಲಾಳಿ ಗಾಡಿ ತಂದೇಬಿಟ್ಟ. ಕುದುರೆಯನ್ನು ಹೀಗೆ ದೂರ ಸಾಗಿಸಲು ಪಶುವೈದ್ಯರ ಪ್ರಮಾಣಪತ್ರ ಬೇಕು, 1978ರ ನಿಯಮವೇ ಇದೆ. ನನಗೆ ಪರಿಚಯದ ಡಾಕ್ಟರನ್ನು ನಾನೇ ಕರೆದುಕೊಂಡು ಹೋದೆ.

‘ಹದಿನಾಲ್ಕು ವರ್ಷ ಸಾರ್, ಇನ್ನೂ ಐದಾರು ವರ್ಷ ಗಾಡಿ ಎಳೀತದೆ’ ಅಂದ ದಲ್ಲಾಳಿ. ಡಾಕ್ಟರು ಮಾತಾಡಲಿಲ್ಲ. ಬಿಳಿ ಕುದುರೆಯ ಬಾಯಿಯ ಪಕ್ಕ, ಹಲ್ಲಿಲ್ಲದ ಜಾಗದಲ್ಲಿ ಹೆಬ್ಬೆರಳು ತೂರಿಸಿ ಬಾಯಿ ಬಿಡಿಸಿದರು. ಮೇಲಿನ ಸಾಲಿನ ಮುಂಭಾಗದ ಕೊನೆಯ ಹಲ್ಲನ್ನು ತೋರಿಸಿದರು. ಅದರ ಮೇಲೆ ಕಂದು ಬಣ್ಣದ ಉದ್ದ ಗೀರು. ಹತ್ತು ವರ್ಷದ ಹೊತ್ತಿಗೆ ಒಸಡಿನ ಹತ್ತಿರ ಶುರುವಾಗುತ್ತದಂತೆ, ಹದಿನೈದಕ್ಕೆ ಅರ್ಧ ಹಲ್ಲು, ಇಪ್ಪತ್ತಕ್ಕೆ ಪೂರ್ತಿ. ಇದು ತುದಿಯವರೆಗೂ ಇಳಿದಿತ್ತು. ಅಂದಾಜಿನ ಲೆಕ್ಕವೇ, ಆದರೂ ಹದಿನಾಲ್ಕಕ್ಕೂ ಇಪ್ಪತ್ತಕ್ಕೂ ಎಷ್ಟು ಅಂತರ!

ಆಮೇಲೆ ಬಗ್ಗಿ ಬಾನಿಯ ಕೆಳಗಿಂದ ಏನನ್ನೋ ಎತ್ತಿ ನನ್ನ ಕೈಗೆ ಕೊಟ್ಟರು. ಒದ್ದೆ ಹುಲ್ಲಿನ ಉಂಡೆ. ಸುತ್ತ ಅಂಥವು ಬೇಕಾದಷ್ಟು ಬಿದ್ದಿದ್ದವು. ದವಡೆ ಹಲ್ಲು ಸವೆದು ಹುಲ್ಲು ಅಗಿಯಲಾಗುತ್ತಿಲ್ಲ, ಅರ್ಧ ಅಗಿದು ಉಗುಳುತ್ತಿದೆ. ‘ಇದಕ್ಕೆ ನೆನೆಸಿದ ಬೂಸಾ ಬೇಕು. ಹೊಸ ಜಾಗದಲ್ಲಿ ಒಣಹುಲ್ಲು ಎಸೆದರೆ ಎದುರಿಗೆ ತಿಂಡಿ ಇದ್ದೂ ಸೊರಗ್ತದೆ’ ಅಂದರು. ವಯಸ್ಸಾಗಿ ಕೈಲಾಗದ ಪ್ರಾಣಿಯಿಂದ ದುಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ ಎಂದೂ ಹೇಳಿದರು. ಪ್ರಮಾಣಪತ್ರಕ್ಕೆ ಸಹಿ ಹಾಕಲಿಲ್ಲ.

ಮರಿಯದು ಇನ್ನೊಂದು ಕಥೆ. ‘ಹುಲ್ಲು ತಿಂತಾ ಇದೆಯಲ್ಲ, ಇನ್ನು ಅಮ್ಮ ಯಾಕೆ?’ ಅಂತ ದಲ್ಲಾಳಿಯ ವಾದ. ತಿನ್ನುತ್ತದೆ, ನಿಜ. ಆದರೆ ನಾವು ನೋಡನೋಡುತ್ತಲೇ ನಾಲ್ಕು ಎಳೆ ಜಗಿದು ಅಮ್ಮನ ಹೊಟ್ಟೆ ಕೆಳಗೆ ತಲೆ ತೂರಿಸಿತು. ಹಾಲು ಬಿಡಿಸುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ, ಅದೂ ನಿಧಾನವಾಗಿ. ಒಮ್ಮೆಲೇ ಬೇರ್ಪಡಿಸಿ ಅರಬೈಲು ಘಟ್ಟ ಹತ್ತಿಸಿದರೆ ಮರಿ ಮೇವು ಬಿಡಬಹುದು, ಗಾಬರಿಯಲ್ಲಿ ಕಾಲು ಮುರಿದುಕೊಳ್ಳಬಹುದು. ಅಲ್ಲಿ ಮುಟ್ಟಿದ ಮೇಲೆ? ‘ಒಂದೂವರೆ ವರ್ಷಕ್ಕೆ ಮದುವೆ ಮೆರವಣಿಗೆಗೆ ರೆಡಿ’ ಅಂದ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಒಂದೂವರೆಗೆ ಅದರ ಮೇಲೆ ಮದುಮಗನನ್ನು ಕೂರಿಸುತ್ತಾರಂತೆ! ನನಗೆ ಸಿಟ್ಟು ತಡೆಯಲಾಗಲಿಲ್ಲ.

‘ಭಾಯ್, ಮಾರಲೇಬೇಕಿದ್ದರೆ ಆ ಕೆಂಚನ್ನು ಮಾರಿ’ ಅಂದೆ. ಕೆಂಚು ಎಂಟು ವರ್ಷದ ಗಟ್ಟಿ ಕುದುರೆ, ಅವರ ದುಡಿಮೆಯ ಆಧಾರ.

‘ದುಡಿಯೋದನ್ನ ಮಾರಿ ಕೂತು ತಿನ್ನೋದನ್ನ ಇಟ್ಕೊಳ್ಳಲಾ?’ ಭಾಯ್ ಮುಖ ಕೆಂಪಾಯಿತು. ಅವರ ಕಷ್ಟ ಸುಳ್ಳಲ್ಲ. ಆದರೆ ಹೊಸ ಲಾಯ, ಹೊಸ ಮೇವು, ಹೊಸ ಜನ ಇವನ್ನು ತಾಳಿಕೊಳ್ಳುವುದು ಕೆಂಚಿಗೇ ಸಾಧ್ಯ. ಬೆಲೆ ಕೊಟ್ಟು ಕೊಂಡವನು ಅದನ್ನು ಜೋಪಾನವಾಗಿಯೂ ನೋಡಿಕೊಳ್ಳುತ್ತಾನೆ. ಮೂರು ಕಾಸಿಗೆ ಸಿಕ್ಕ ಮುದಿ ಕುದುರೆಗೆ ಹುಷಾರಿಲ್ಲದಾದರೆ ಯಾರು ಡಾಕ್ಟರನ್ನು ಕರೆಸುತ್ತಾರೆ? ಎಲ್ಲಿ ಕಟ್ಟುತ್ತೀಯ, ಏನು ಕೆಲಸ, ಕೈಲಾಗದಾಗ ಏನು ಮಾಡುತ್ತೀಯ ಅಂತ ಮಾರುವವನೇ ಕೇಳಬೇಕು. ಆ ದಲ್ಲಾಳಿಗೆ ನಾನು ಕೇಳಿದೆ. ‘ಮುಂದೆ ಯಾರು ಕೊಳ್ತಾರೋ ಅವರಿಗೆ ಬಿಟ್ಟಿದ್ದು’ ಅಂದ. ಆ ಉತ್ತರ ಕೇಳಿದ ಮೇಲೆ ಭಾಯ್ ಅವನಿಗೆ ಮುಂಗಡ ವಾಪಸ್ ಕೊಟ್ಟರು.

ಕೆಂಚು ವಾರದೊಳಗೆ ಸವಾರಿ ಕಲಿಸುವ ಒಬ್ಬರಿಗೆ ಹೋಯಿತು, ಭಾಯ್ ಖುದ್ದು ಹೋಗಿ ಲಾಯ ನೋಡಿಬಂದ ಮೇಲೆ. ಆ ದುಡ್ಡಲ್ಲಿ ಮಳೆಗಾಲದ ಮೇವು ಬಂತು. ಬಿಳಿ ಕುದುರೆಯ ಹಲ್ಲಿನ ಚೂಪು ಅಂಚುಗಳನ್ನು ಡಾಕ್ಟರು ಅರದಿಂದ ಉಜ್ಜಿಕೊಟ್ಟರು. ಮರಿಯನ್ನು ಕೇಳಿಕೊಂಡು ಈಗಲೂ ಫೋನು ಬರುತ್ತವೆ. ದಸರಾ ಕಳೆಯಲಿ, ಆಮೇಲೆ ನೋಡೋಣ ಅನ್ನುತ್ತಿದ್ದಾರೆ ಭಾಯ್.