ಫೇಕರ್ ಬಿಟ್ಟು ಮಾಟಾ ಯಾಕೆ?

ಐವರೈವರ ಎರಡು ತಂಡಗಳು ಕಂಪ್ಯೂಟರ್‌ನಲ್ಲಿ ಕಾದಾಡುವ ಲೀಗ್ ಆಫ್ ಲೆಜೆಂಡ್ಸ್ ಆಟವನ್ನು ನೋಡುವವರು ಯಾರೇ ಸಿಕ್ಕರೂ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ: “ಇಷ್ಟು ವರ್ಷ ನೋಡಿದ್ದೀಯಲ್ಲ, ನಿನಗೆ ಅತಿ ದೊಡ್ಡ ಆಟಗಾರ ಯಾರು?” ಎಲ್ಲರೂ ನಿರೀಕ್ಷಿಸುವ ಹೆಸರು ಫೇಕರ್, ಈ ಆಟದ ಅತಿ ಹೆಸರಾಂತ ಆಟಗಾರ. ನಾನು ಮಾಟಾ ಅನ್ನುತ್ತೇನೆ. ಕೂಡಲೇ ಎರಡನೇ ಪ್ರಶ್ನೆ: “ಆ ಸಪೋರ್ಟ್ ಆಡುವವನಾ? ಅವನು ಯಾರನ್ನೂ ಕೊಲ್ಲುವುದೇ ಇಲ್ಲವಲ್ಲ!”

ಕೊಲ್ಲುವುದಿಲ್ಲ, ನಿಜ. ಮಿನಿಯನ್ ಎಂಬ ಪುಟ್ಟ ಸೈನಿಕರನ್ನು ಹೊಡೆದರೆ ಬರುವ ಚಿನ್ನವನ್ನು ಪಕ್ಕದ ಮಾರ್ಕ್ಸ್‌ಮನ್‌ಗೆ, ಅಂದರೆ ದೂರದಿಂದ ಗುರಿಯಿಟ್ಟು ಹೊಡೆಯುವವನಿಗೆ, ಬಿಟ್ಟುಕೊಡುವುದೇ ಸಪೋರ್ಟ್‌ನ ಕೆಲಸ. ಹಾಗಾಗಿ ತಂಡದಲ್ಲಿ ಅವನೇ ಬಡವ. 2014ರ ಹೊತ್ತಿಗೆ ಕೈಗೆ ಬಂದ ಅಷ್ಟಿಷ್ಟೂ ವಾರ್ಡ್‌ಗೆ ಹೋಗುತ್ತಿತ್ತು. ಈ ಆಟದಲ್ಲಿ ನಿಮ್ಮವರು ಇಲ್ಲದ ಜಾಗವೆಲ್ಲ ಕತ್ತಲು. ವಾರ್ಡ್ ನೆಟ್ಟರೆ ಅಲ್ಲಿ ಒಂದಿಷ್ಟು ಹೊತ್ತು ಕಣ್ಣು ತೆರೆದಂತೆ. 2014ರ ನಿಯಮದಲ್ಲಿ ಸಾಮಾನ್ಯ ವಾರ್ಡ್‌ಗೆ 75 ಚಿನ್ನ, ಬಾಳುವುದು 3 ನಿಮಿಷ. ಒಬ್ಬ ಆಟಗಾರ ಏಕಕಾಲಕ್ಕೆ ಮೂರಕ್ಕಿಂತ ಹೆಚ್ಚು ಇಡುವಂತಿರಲಿಲ್ಲ. ಎದುರಾಳಿ ಬಚ್ಚಿಟ್ಟ ವಾರ್ಡ್ ಹುಡುಕಿ ಒಡೆಯಲು 100 ಚಿನ್ನದ ಗುಲಾಬಿ ವಾರ್ಡ್ ಬೇರೆ. ಯಾವ ಪೊದೆಗೆ, ಯಾವ ಕ್ಷಣಕ್ಕೆ ಅನ್ನುವ ಲೆಕ್ಕ ತಪ್ಪಿದರೆ ಇಡೀ ತಂಡ ಕುರುಡು.

ದಕ್ಷಿಣ ಕೊರಿಯಾದ ಚೋ ಸೆ-ಹ್ಯೊಂಗ್, ಅಂದರೆ ಮಾಟಾ, ಈ ಲೆಕ್ಕವನ್ನೇ ಆಯುಧ ಮಾಡಿಕೊಂಡವನು. ಸ್ಯಾಮ್‌ಸಂಗ್ ವೈಟ್ ತಂಡದಲ್ಲಿ ಜಂಗ್ಲರ್, ಅಂದರೆ ನಕ್ಷೆಯ ಕಾಡಿನಲ್ಲಿ ಅಡ್ಡಾಡುವ ಆಟಗಾರ, ಡ್ಯಾಂಡಿಯ ಜೊತೆಗೂಡಿ ಎದುರಾಳಿಯ ಕಾಡಿಗೇ ನುಗ್ಗುತ್ತಿದ್ದ. ಅವರ ವಾರ್ಡ್ ಒಡೆದು ತಮ್ಮದು ನೆಟ್ಟು ಬರುತ್ತಿದ್ದರು. ಎದುರು ತಂಡದವರು ತಮ್ಮ ಮನೆಯ ಹಿತ್ತಲಲ್ಲೇ ಹೆಜ್ಜೆ ಇಡಲು ಹೆದರಬೇಕಾಗುತ್ತಿತ್ತು. ಎಲ್ಲಿಗೆ ಹೋಗಬೇಕು, ಯಾವಾಗ ಮೇಲೆ ಬೀಳಬೇಕು ಎಂದು ಹೆಡ್‌ಸೆಟ್‌ನಲ್ಲಿ ಹೇಳುವ ದನಿಯೂ ಅವನದೇ. 2014ರ ಅಕ್ಟೋಬರ್ 19ರಂದು ಸೋಲ್‌ನ ವಿಶ್ವಕಪ್ ಕ್ರೀಡಾಂಗಣದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಸ್ಯಾಮ್‌ಸಂಗ್ ವೈಟ್ 3-1ರಿಂದ ಸ್ಟಾರ್ ಹಾರ್ನ್ ರಾಯಲ್ ಕ್ಲಬ್ ತಂಡವನ್ನು ಸೋಲಿಸಿತು. ಅತ್ಯುತ್ತಮ ಆಟಗಾರ ಪ್ರಶಸ್ತಿ ಹೋಗಿದ್ದು ಕಿಲ್‌ಗಳ ರಾಶಿ ಹಾಕುವ ಅದೇ ತಂಡದ ಮಾರ್ಕ್ಸ್‌ಮನ್ ಇಂಪ್‌ಗಲ್ಲ, ಮಾಟಾಗೆ. ಫೈನಲ್‌ನ ಆ ಗೌರವ 2025ರವರೆಗೂ ಬೇರೆ ಯಾವ ಸಪೋರ್ಟ್‌ಗೂ ಸಿಕ್ಕಿಲ್ಲ.

ಆದರೆ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಆ ಗೆಲುವಲ್ಲ, ಮರುವರ್ಷದ ಸೋಲು. ವಿಶ್ವಕಪ್ ಗೆದ್ದ ಐವರೂ ಚೀನಾದ ತಂಡಗಳಿಗೆ ಹೊರಟುಹೋದರು. ಮಾಟಾ, ಡ್ಯಾಂಡಿ ಇಬ್ಬರೂ ವೀಚಿ ಗೇಮಿಂಗ್ ಸೇರಿದರು. ಅದೇ ಜೋಡಿ, ಅದೇ ಕೈಚಳಕ. ಆದರೂ 2015ರ ವಿಶ್ವ ಚಾಂಪಿಯನ್‌ಶಿಪ್‌ಗೆ ಅರ್ಹತೆಯೇ ಸಿಗಲಿಲ್ಲ. ಗುರಿಯಿಟ್ಟು ಹೊಡೆಯುವವನಿಗೆ ಭಾಷೆ ಬಾರದಿದ್ದರೂ ಹೇಗೋ ನಡೆಯುತ್ತದೆ. ಕಂಡದ್ದನ್ನು ಅರ್ಧ ಸೆಕೆಂಡಿನಲ್ಲಿ ನಾಲ್ವರಿಗೆ ಹೇಳಿ ನಡೆಸುವವನಿಗೆ ಅದು ಇಲ್ಲದಿದ್ದರೆ ಕೈ ಕಟ್ಟಿಹಾಕಿದ ಹಾಗೆ. ಹೀಗೆಂದು ಅವನೇನೂ ಹೇಳಿದ್ದಲ್ಲ, ನನ್ನ ಓದು ಅಷ್ಟೆ. 2016ರಲ್ಲಿ ರಾಯಲ್ ನೆವರ್ ಗಿವ್ ಅಪ್ ಸೇರಿ ಚೀನಾದ ವಸಂತ ಲೀಗ್ ಗೆದ್ದ.

ಮುಂದಿನದ್ದನ್ನು ಬೇಗ ಹೇಳಿಬಿಡಬಹುದು. 2017ರಲ್ಲಿ ಕೊರಿಯಾಕ್ಕೆ ಮರಳಿ ಕೆಟಿ ರೋಲ್‌ಸ್ಟರ್ ಸೇರಿದ. ಹೆಸರಾಂತರೇ ತುಂಬಿದ್ದ ಆ ತಂಡ ವಿಶ್ವ ಚಾಂಪಿಯನ್‌ಶಿಪ್‌ನ ಬಾಗಿಲಲ್ಲೇ ಸೋತಿತು. 2018ರ ಬೇಸಿಗೆಯಲ್ಲಿ ಕೊರಿಯಾದ ಲೀಗ್ ಗೆದ್ದರೂ, ವಿಶ್ವ ಚಾಂಪಿಯನ್‌ಶಿಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಇನ್ವಿಕ್ಟಸ್ ಗೇಮಿಂಗ್ ಎದುರು 2-3. ಆ ಸಲ ಕಪ್ ಎತ್ತಿದ್ದೂ ಅವರೇ. 2019ರಲ್ಲಿ ಫೇಕರ್‌ನ ತಂಡ ಎಸ್‌ಕೆಟಿ ಸೇರಿ ಅವನ ಜೊತೆಗೇ ಆಡಿದ, ವಸಂತ ಲೀಗ್ ಗೆದ್ದ. ವರ್ಷದ ಕೊನೆಯ ಹೊತ್ತಿಗೆ ಎಫರ್ಟ್ ಎಂಬ ಕಿರಿಯ ಅವನ ಜಾಗದಲ್ಲಿ ಕೂತಿದ್ದ. ಅಲ್ಲಿಗೆ ಆಟ ಬಿಟ್ಟು ಕೋಚ್ ಆದ. ಕೈ ನಿಧಾನವಾಗುವುದು ಎಲ್ಲರಿಗೂ ಇದ್ದದ್ದೇ, ಕೋಚ್‌ಗೆ ಬೇಕಾದ್ದು ಮಾತು ಮತ್ತು ನಕ್ಷೆ. ಅವೆರಡೂ ಅವನಿಗೆ ಮೊದಲಿಂದಲೇ ಇದ್ದವು.

ಫೇಕರ್ ದೊಡ್ಡವನಲ್ಲ ಎಂದು ನಾನು ಹೇಳುತ್ತಿಲ್ಲ. ಹಾಗೆಂದರೆ ನಗುತ್ತೀರಿ, ನಗಬೇಕು ಕೂಡ. ಫೇಕರ್‌ನ ದೊಡ್ಡತನ ಹೈಲೈಟ್ಸ್‌ನಲ್ಲೇ ಕಾಣುತ್ತದೆ, ಮಾಟಾನದು ಕಾಣುವುದಿಲ್ಲ. ಸಂಶಯವಿದ್ದವರು 2014ರ ಫೈನಲ್ ಪೂರ್ತಿ ಹಾಕಿಕೊಂಡು ನೋಡಿ. ಹೊಡೆದಾಟ ಬಂದಾಗ ಬೇಕಾದರೆ ಕಣ್ಣು ಮುಚ್ಚಿಕೊಳ್ಳಿ. ಎರಡೂ ತಂಡ ಕಿತ್ತಾಡುವ ಡ್ರ್ಯಾಗನ್ ಹುಟ್ಟುವುದಕ್ಕೆ ಒಂದು ನಿಮಿಷ ಮುಂಚೆ ಮಾತ್ರ ತೆರೆಯ ಮೂಲೆಯ ಪುಟ್ಟ ನಕ್ಷೆ, ಆ ಮಿನಿಮ್ಯಾಪ್ ಬಿಟ್ಟು ಕದಲಬೇಡಿ.